200 ದಾಟಿದ ಹದಿನಾಲ್ಕು ಯೂನಿಟ್: ಮನೆಯ ಕರೆಂಟ್ ಬಿಲ್ ಓದುವುದು ಹೇಗೆ?

ಫೆಬ್ರವರಿ ಮೊದಲ ವಾರ. ಸಂಕ್ರಾಂತಿಯ ಎಳ್ಳು-ಬೆಲ್ಲದ ಡಬ್ಬಿ ಇನ್ನೂ ಖಾಲಿಯಾಗಿರಲಿಲ್ಲ. ತುಮಕೂರಿನ ನಮ್ಮ ಬೀದಿಯಲ್ಲಿ ಮೀಟರ್ ರೀಡರ್ ಬಂದು ಹೋದ ಅರ್ಧ ಗಂಟೆಗೆ ಪಕ್ಕದ ಮನೆ ಅಜ್ಜಿ ಬಿಲ್ ಹಿಡಿದುಕೊಂಡು ಬಂದರು. "ಕರೆಂಟ್ ಫ್ರೀ ಅಂದಿದ್ರಲ್ಲಪ್ಪ, ಇದೇನು ಸಾವಿರದ ಏಳುನೂರು? ಮೀಟರ್ ಕೆಟ್ಟಿದೆಯಾ ನೋಡು."

ಅಜ್ಜಿ, ಮಗಳು, ಅಳಿಯ, ಒಬ್ಬ ಮೊಮ್ಮಗ. ಇಷ್ಟೇ ಜನ. ಹಿಂದಿನ ತಿಂಗಳುಗಳಲ್ಲಿ ಅವರಿಗೆ ಮೂವತ್ತು, ನಲವತ್ತು ರೂಪಾಯಿ ಬರುತ್ತಿತ್ತು. ಕೆಲವು ತಿಂಗಳು ಸೊನ್ನೆ. ಈಗ ಒಂದೇ ಸಲಕ್ಕೆ ಹೀಗಾದರೆ ಯಾರಿಗಾದರೂ ಗಾಬರಿ ಆಗುತ್ತದೆ ಅಲ್ವಾ? ನಾವಿಬ್ಬರೂ ಜಗಲಿ ಮೇಲೆ ಕೂತು ಆ ಚೀಟಿಯನ್ನು ಸಾಲು ಸಾಲಾಗಿ ಓದಿದೆವು. ಅವತ್ತು ನಾವು ಓದಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಬಿಲ್ ಬಂದಾಗ ಎಲ್ಲರೂ ಮೊದಲು ಕೇಳುವುದು "ಯೂನಿಟ್‌ಗೆ ಎಷ್ಟಂತೆ?" ಎಂದು. ಆದರೆ ಬಿಲ್ ಏರಿಳಿಯುವುದು ಯೂನಿಟ್ ದರಕ್ಕಿಂತ ಹೆಚ್ಚಾಗಿ ಬೇರೆ ಸಾಲುಗಳಿಂದ.

ಮೊದಲು ದರದ ವಿಷಯ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ನಮಗೆ ಕರೆಂಟ್ ಕೊಡುವ ಕಂಪನಿಯಾದ ಬೆಸ್ಕಾಂ ವ್ಯಾಪ್ತಿಗೆ ಬರುತ್ತವೆ. ಬೆಂಗಳೂರಿನ ಜಯನಗರದ ಮನೆಗೆ ಯಾವ ದರವೋ ನಮ್ಮ ತುಮಕೂರಿನ ಜಯನಗರದ ಮನೆಗೂ ಅದೇ ದರ. ಇದನ್ನು ನಿಗದಿ ಮಾಡುವುದು ಬೆಸ್ಕಾಂ ಅಲ್ಲ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆ.ಇ.ಆರ್.ಸಿ. ಕಂಪನಿ ತನ್ನ ಖರ್ಚಿನ ಲೆಕ್ಕ ಕೊಟ್ಟು ಇಷ್ಟು ಏರಿಸಿ ಎಂದು ಕೇಳುತ್ತದೆ. ಆಯೋಗ ಜನರ ಆಕ್ಷೇಪಣೆ ಕೇಳಿ, ವಿಚಾರಣೆ ನಡೆಸಿ ತೀರ್ಮಾನಿಸುತ್ತದೆ. ಆ ಆಕ್ಷೇಪಣೆಯನ್ನು ಯಾರು ಬೇಕಾದರೂ ಸಲ್ಲಿಸಬಹುದು. ಹೋಗುವವರು ಕಡಿಮೆ, ಅದು ನನಗೆ ಬೇಜಾರಿನ ಸಂಗತಿ.

2023ರಲ್ಲಿ ಒಂದು ನಿಯಮವಿತ್ತು. 100 ಯೂನಿಟ್ ಒಳಗಿದ್ದರೆ ಯೂನಿಟ್‌ಗೆ 4.75 ರೂಪಾಯಿ. 100 ದಾಟಿದರೆ ಮೊದಲನೇ ಯೂನಿಟ್‌ನಿಂದಲೇ 7 ರೂಪಾಯಿ. ಅದಕ್ಕೇ ಇವತ್ತಿಗೂ ಎಷ್ಟೋ ಮನೆಗಳಲ್ಲಿ "ನೂರು ದಾಟಬಾರದು" ಎಂಬ ಮಾತು ಉಳಿದುಬಿಟ್ಟಿದೆ. ಈಗ ಆ ಮೆಟ್ಟಿಲೇ ಇಲ್ಲ. 2024ರ ಏಪ್ರಿಲ್‌ನಿಂದ ಎಲ್ಲ ಯೂನಿಟ್‌ಗೂ ಒಂದೇ ದರ. ಮೊದಲು 5.90 ಇತ್ತು, 2025-26ಕ್ಕೆ 5.80 ಆಯಿತು. ಅಂದರೆ ಯೂನಿಟ್ ದರ ಇಳಿದಿದೆ. ಹಾಗಾದರೆ ಬಿಲ್ ಯಾಕೆ ಇಳಿಯಲಿಲ್ಲ?

ಉತ್ತರ ನಿಗದಿತ ಶುಲ್ಕದ ಸಾಲಿನಲ್ಲಿದೆ. ನೀವು ಒಂದು ಬಲ್ಬ್ ಹಾಕದೇ ಇದ್ದರೂ ಕಟ್ಟಬೇಕಾದ ಹಣ ಇದು. ಕಂಬ, ತಂತಿ, ಟ್ರಾನ್ಸ್‌ಫಾರ್ಮರ್, ಸಬ್‌ಸ್ಟೇಷನ್ ಎಲ್ಲವೂ ನೀವು ಸ್ವಿಚ್ ಒತ್ತಲಿ ಬಿಡಲಿ, ಸಿದ್ಧವಾಗಿರಬೇಕಲ್ಲ. ಅದರ ಬಾಡಿಗೆ ಎಂದುಕೊಳ್ಳಿ. ಲೆಕ್ಕ ನಿಮ್ಮ ಮನೆಗೆ ಮಂಜೂರಾದ ಲೋಡ್ ಮೇಲೆ, ಅಂದರೆ ಒಂದೇ ಹೊತ್ತಿಗೆ ಎಷ್ಟು ಕರೆಂಟ್ ಎಳೆಯಬಹುದು ಎಂಬ ಮಿತಿಯ ಮೇಲೆ. 2024-25ರಲ್ಲಿ ಒಂದು ಕಿಲೋವ್ಯಾಟ್‌ಗೆ ತಿಂಗಳಿಗೆ 120 ರೂಪಾಯಿ ಇತ್ತು. 2025-26ಕ್ಕೆ 145 ಆಯಿತು. ಅಜ್ಜಿ ಮನೆಯದು 2 ಕಿಲೋವ್ಯಾಟ್, ಹಾಗಾಗಿ 290. ಮೂರಿದ್ದರೆ 435. ಐದಿದ್ದರೆ 725.

ಯೂನಿಟ್‌ಗೆ ಹತ್ತು ಪೈಸೆ ಇಳಿಸಿ, ಕಿಲೋವ್ಯಾಟ್‌ಗೆ 25 ರೂಪಾಯಿ ಏರಿಸಿದರು. 3 ಕಿಲೋವ್ಯಾಟ್ ಇರುವ ಮನೆ 120 ಯೂನಿಟ್ ಬಳಸಿದರೆ ಒಂದು ಕಡೆ 12 ರೂಪಾಯಿ ಉಳಿತಾಯ, ಇನ್ನೊಂದು ಕಡೆ 75 ರೂಪಾಯಿ ಖರ್ಚು. ಕಡಿಮೆ ಬಳಸುವವರಿಗೆ ಈ ಏರಿಕೆ ಜಾಸ್ತಿ ತಟ್ಟುತ್ತದೆ. ನನ್ನ ಅಭಿಪ್ರಾಯದಲ್ಲಿ ಇದು ನ್ಯಾಯವಲ್ಲ. ಮಿತವಾಗಿ ಬಳಸುವವರಿಗೆ ಅದರ ಫಲ ಬಿಲ್ಲಿನಲ್ಲಿ ಕಾಣಬೇಕು.

ಈ ಮಂಜೂರಾದ ಲೋಡ್ ಎಂಬುದು ಎಲ್ಲಿಂದ ಬಂತು ಗೊತ್ತಾ? ಮನೆ ಕಟ್ಟುವಾಗ, ಕರೆಂಟ್‌ಗೆ ಅರ್ಜಿ ಹಾಕುವಾಗ ಬರೆದ ಸಂಖ್ಯೆ. "ಮುಂದೆ ಎ.ಸಿ. ಹಾಕಿಸಿದರೆ ಬೇಕಾಗುತ್ತೆ, ಐದು ಬರೆದುಬಿಡೋಣ" ಎಂದಿರುತ್ತಾರೆ. ಎ.ಸಿ. ಬರಲೇ ಇಲ್ಲ. ಐದರ ಬಾಡಿಗೆ ಮಾತ್ರ ಪ್ರತಿ ತಿಂಗಳೂ ಹೋಗುತ್ತಿದೆ. ಊರಲ್ಲಿ ಬೀಗ ಹಾಕಿದ ಇನ್ನೊಂದು ಮನೆ ಇದ್ದರೆ ಅದಕ್ಕೂ ಇದೇ ಕತೆ. ಲೋಡ್ ಕಡಿಮೆ ಮಾಡಿಸಲು ಅರ್ಜಿ ಕೊಡಬಹುದು. ಆದರೆ ಸುಮ್ನೆ ಇಳಿಸಬೇಡಿ. ಗೀಸರ್, ಮೋಟರ್, ಇಂಡಕ್ಷನ್ ಒಲೆ ಒಟ್ಟಿಗೆ ಓಡಿದರೆ ಎಷ್ಟಾಗುತ್ತದೆ ಎಂದು ಒಳ್ಳೆಯ ಎಲೆಕ್ಟ್ರಿಷಿಯನ್ ಹತ್ತಿರ ಲೆಕ್ಕ ಹಾಕಿಸಿ, ಆಮೇಲೆ ಹೋಗಿ.

ಮುಂದಿನ ಸಾಲು ಪಿಂಚಣಿ ಮತ್ತು ಗ್ರಾಚ್ಯುಟಿಯದು. ಇದು ಹೊಸದು. 2025ರ ಏಪ್ರಿಲ್ 1ರಿಂದ ಬಂದಿದೆ. ವಿದ್ಯುತ್ ನೌಕರರ ಪಿಂಚಣಿ ನಿಧಿಗೆ ಸರ್ಕಾರ ಕೊಡಬೇಕಿದ್ದ ಪಾಲನ್ನು ಈಗ ಗ್ರಾಹಕರಿಂದ ತೆಗೆದುಕೊಳ್ಳುತ್ತಿದ್ದಾರೆ. 2025-26ಕ್ಕೆ ಯೂನಿಟ್‌ಗೆ 36 ಪೈಸೆ. ಅದರಿಂದಾಗಿ, ಯೂನಿಟ್ ದರ ಇಳಿಸಿದ ಹತ್ತು ಪೈಸೆಯನ್ನು ಈ ಸಾಲೊಂದೇ ನುಂಗಿ ಹಾಕಿತು.

ಆಮೇಲೆ ತೆರಿಗೆ. ಯೂನಿಟ್‌ಗಳಿಗೆ ಆದ ಶುಲ್ಕದ ಮೇಲೆ ಶೇಕಡಾ 9. ಇದು ರಾಜ್ಯ ಸರ್ಕಾರಕ್ಕೆ ಹೋಗುತ್ತದೆ.

ಇನ್ನು ಎಫ್.ಪಿ.ಪಿ.ಸಿ.ಎ. ಎಂಬ ಉದ್ದನೆಯ ಹೆಸರಿನ ಸಾಲು. ಹೆಸರು ಕೇಳಿಯೇ ಜನ ಕೈಬಿಡುತ್ತಾರೆ. ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಎಂದು ಅರ್ಥ. ನಮಗೆ ಕರೆಂಟ್ ಬರುವುದು ಹಲವು ಕಡೆಯಿಂದ. ಶರಾವತಿಯ ನೀರಿನ ಕರೆಂಟ್ ಅಗ್ಗ. ರಾಯಚೂರು, ಬಳ್ಳಾರಿಯ ಕಲ್ಲಿದ್ದಲ ಕರೆಂಟ್ ದುಬಾರಿ. ಪಾವಗಡದ ಸೋಲಾರ್ ಪಾರ್ಕ್ ನಮ್ಮ ಜಿಲ್ಲೆಯಲ್ಲೇ ಇದೆ, 2,050 ಮೆಗಾವ್ಯಾಟ್‌ನದು. ಆದರೆ ಸಂಜೆ ಸೂರ್ಯ ಮುಳುಗಿದ ಮೇಲೆ, ಮನೆ ಮನೆಯಲ್ಲೂ ಲೈಟು ಟಿ.ವಿ. ಹತ್ತುವ ಹೊತ್ತಿಗೆ, ಅದು ಕೊಡುವುದಿಲ್ಲ. ಮಳೆ ಕೈಕೊಟ್ಟ ವರ್ಷ ಅಣೆಕಟ್ಟೆಯಲ್ಲಿ ನೀರಿರುವುದಿಲ್ಲ, ಹೊರಗಿನಿಂದ ಕೊಳ್ಳಬೇಕು. ವರ್ಷದ ಮೊದಲೇ ಅಂದಾಜು ಮಾಡಿದ ಖರ್ಚಿಗೂ ನಿಜವಾದ ಖರ್ಚಿಗೂ ವ್ಯತ್ಯಾಸ ಬರುತ್ತದಲ್ಲ, ಆ ವ್ಯತ್ಯಾಸವನ್ನು ಆಮೇಲಿನ ಬಿಲ್‌ಗಳಲ್ಲಿ ಸೇರಿಸುತ್ತಾರೆ. ಖರ್ಚು ಕಡಿಮೆಯಾಗಿದ್ದರೆ ಕಳೆಯುತ್ತಾರೆ ಕೂಡ. ಹಾಗಾಗಿ ಇದು ಒಂದು ತಿಂಗಳು ಇದ್ದಂತೆ ಇನ್ನೊಂದು ತಿಂಗಳು ಇರುವುದಿಲ್ಲ.

2023ರ ಜೂನ್ ನೆನಪಿದೆಯಾ? ಬಿಲ್ ನೋಡಿ ಊರಿಗೆ ಊರೇ ಬೆಚ್ಚಿತ್ತು. ಮೇ ತಿಂಗಳಲ್ಲಿ ದರ ಏರಿಕೆಯ ಆದೇಶ ಬಂತು. ಆದರೆ ಜಾರಿ ಏಪ್ರಿಲ್ 1ರಿಂದ. ಹಾಗಾಗಿ ಹಿಂದಿನ ಬಾಕಿ, ಹೊಸ ದರ, ಈ ಹೊಂದಾಣಿಕೆಯ ಹಣ ಮೂರೂ ಒಂದೇ ಬಿಲ್ಲಿನಲ್ಲಿ ಬಂದು ಕೂತವು. ಬಳಕೆ ಜಾಸ್ತಿಯಾಗದೆ ಬಿಲ್ ಜಾಸ್ತಿಯಾಗಬಹುದು ಎಂದು ಬಹಳ ಜನಕ್ಕೆ ಅವತ್ತೇ ಮೊದಲು ಗೊತ್ತಾಗಿದ್ದು.

ಈಗ ಅಜ್ಜಿಯ ಚೀಟಿಗೆ ಬರೋಣ. ಬಳಕೆ 214 ಯೂನಿಟ್, 30 ದಿನಕ್ಕೆ. ನಿಗದಿತ ಶುಲ್ಕ 290. ಯೂನಿಟ್‌ಗಳದ್ದು 214 ಇಂಟು 5.80, ಅಂದರೆ 1,241.20. ಪಿಂಚಣಿಯ ಸಾಲು 77.04. ತೆರಿಗೆ 111.71. ಕೂಡಿದರೆ 1,719.95. ಹೊಂದಾಣಿಕೆಯ ಹಣ ಇದರಿಂದಾಚೆಗೆ. ನಾನು ಕ್ಯಾಲ್ಕುಲೇಟರ್‌ನಲ್ಲಿ ಹೊಡೆದೆ, ಅಜ್ಜಿ ಬಾಯಿಲೆಕ್ಕದಲ್ಲೇ ಹೇಳಿದರು. ಲೆಕ್ಕ ಸರಿಯಾಗಿತ್ತು. ಮೀಟರ್ ಬಾಗಿಲು ತೆಗೆದು ನೋಡಿದೆವು. ರೀಡಿಂಗ್ ಕೂಡ ಬಿಲ್ಲಿನಲ್ಲಿದ್ದದ್ದೇ.

"ಹಂಗಾದ್ರೆ ಫ್ರೀ ಎಲ್ಲಿ ಹೋಯ್ತು?"

ಇಲ್ಲಿ ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿಯ ಲೆಕ್ಕ ಬಿಡಿಸಲೇಬೇಕು. ತುಂಬಾ ಜನ "200 ಯೂನಿಟ್ ಫ್ರೀ" ಎಂದೇ ತಿಳಿದಿದ್ದಾರೆ. ಹಾಗಲ್ಲ. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದರ ಮೇಲೆ ಶೇಕಡಾ 10 ಸೇರಿಸಿ, ಅಷ್ಟನ್ನು ಉಚಿತ ಎಂದು ಇಟ್ಟರು. 2023ರ ಜುಲೈ ಬಳಕೆಯಿಂದ ಇದು ಶುರುವಾಯಿತು. ಅಜ್ಜಿ ಮನೆಯ ಸರಾಸರಿ 140. ಹತ್ತು ಪರ್ಸೆಂಟ್ ಸೇರಿಸಿದರೆ 154. ಅದು ಅವರ ಪಾಲು. ಪಕ್ಕದ ಮನೆಯದು 70 ಇರಬಹುದು, ಎದುರು ಮನೆಯದು 190 ಇರಬಹುದು. ಹಿಂದೆ ಎಷ್ಟು ಬಳಸಿದ್ದರು ಎಂಬುದರ ಮೇಲೆ ಹೋಗುತ್ತದೆ. ಹಳೆಯ ಲೆಕ್ಕವೇ ಇಲ್ಲದ ಹೊಸ ಮನೆಗಳಿಗೆ ರಾಜ್ಯದ ಸರಾಸರಿ 53 ಯೂನಿಟ್ ಹಿಡಿದು, ಹತ್ತು ಪರ್ಸೆಂಟ್ ಸೇರಿಸಿ 58 ಕೊಟ್ಟರು.

ಆ ಪಾಲಿನ ಒಳಗಿದ್ದರೆ ಬಿಲ್ ಸೊನ್ನೆ. ಪಾಲು ದಾಟಿ 200ರ ಒಳಗಿದ್ದರೆ ಹೆಚ್ಚಾದ ಯೂನಿಟ್‌ಗಳಿಗೆ ಮಾತ್ರ ಕಟ್ಟಬೇಕು. ಅಜ್ಜಿಗೆ ತಿಂಗಳಿಗೆ ಮೂವತ್ತು ನಲವತ್ತು ರೂಪಾಯಿ ಬರುತ್ತಿದ್ದದ್ದು ಇದಕ್ಕೇ. 160 ಬಳಸಿದರೆ ಆರು ಯೂನಿಟ್‌ಗೆ ಹಣ. ಆದರೆ 200 ದಾಟಿದ ತಿಂಗಳು ಉಚಿತ ಎಂಬುದೇ ಇಲ್ಲ. ಮೊದಲ ಯೂನಿಟ್‌ನಿಂದ ಪೂರ್ತಿ ಬಿಲ್, ನಿಗದಿತ ಶುಲ್ಕವೂ ಸೇರಿ.

ಅಜ್ಜಿ ಮನೆಯ ಬಳಕೆ ಸರಿಯಾಗಿ 200ಕ್ಕೆ ನಿಂತಿದ್ದರೆ 46 ಯೂನಿಟ್‌ಗೆ ಕಟ್ಟಿದರೆ ಸಾಕಿತ್ತು. ಸುಮಾರು 307 ರೂಪಾಯಿ. ಹದಿನಾಲ್ಕು ಯೂನಿಟ್ ಮುಂದೆ ಹೋಗಿದ್ದಕ್ಕೆ 1,720. ಅಂದರೆ ಆ ಹದಿನಾಲ್ಕು ಯೂನಿಟ್‌ನ ಬೆಲೆ 1,400 ರೂಪಾಯಿಗೂ ಜಾಸ್ತಿ. ಬೇರೆ ಯಾವ ಉಳಿತಾಯಕ್ಕೂ ಇಷ್ಟು ಬೆಲೆ ಇಲ್ಲ. 160, 180ರ ಆಸುಪಾಸಿನಲ್ಲಿ ಬಳಸುವ ಮನೆಗಳು ತಿಂಗಳ ಕೊನೆಯ ವಾರ ಮೀಟರ್ ನೋಡುವುದು ಈ ಕಾರಣಕ್ಕೆ ಮುಖ್ಯ.

ಜನವರಿಯಲ್ಲಿ ಏನಾಗಿತ್ತು? ಬೆಂಗಳೂರಿನಿಂದ ಅಜ್ಜಿಯ ಮಗ, ಸೊಸೆ, ಇಬ್ಬರು ಮಕ್ಕಳು ಹಬ್ಬಕ್ಕೆ ಬಂದು ಹನ್ನೆರಡು ದಿನ ಇದ್ದರು. ಚಳಿಗೆ ಎಲ್ಲರಿಗೂ ಬಿಸಿನೀರು. ನಲವತ್ತು ಯೂನಿಟ್ ಹಾಗೆ ಹೋಗಿರಬಹುದು. ನೆಂಟರಿಂದ ಬಿಲ್ ಬಂತು ಎಂದು ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಅದು ಸರಿಯೇ. ಆದರೆ ಲೆಕ್ಕ ಇನ್ನೂ ಹತ್ತು ಹದಿನೈದು ಯೂನಿಟ್ ಕೂಡುತ್ತಿರಲಿಲ್ಲ.

ಆಗ ಮೀಟರ್‌ನ ಕೆಂಪು ದೀಪ ನೋಡಿದೆವು. ಡಿಜಿಟಲ್ ಮೀಟರ್‌ನ ಮುಖದ ಮೇಲೆ ಒಂದು ಚಿಕ್ಕ ದೀಪ ಮಿಣುಕುತ್ತಿರುತ್ತದೆ, ನೋಡಿರುತ್ತೀರಿ. ಅದರ ಪಕ್ಕ ಸಣ್ಣ ಅಕ್ಷರದಲ್ಲಿ ಒಂದು ಸಂಖ್ಯೆ ಬರೆದಿರುತ್ತದೆ. ಅಜ್ಜಿ ಮನೆಯದರಲ್ಲಿ 3200 ಎಂದಿತ್ತು. ದೀಪ 3,200 ಸಲ ಮಿಣುಕಿದರೆ ಒಂದು ಯೂನಿಟ್. ಒಂದು ಯೂನಿಟ್ ಎಂದರೆ 1,000 ವ್ಯಾಟ್‌ನ ಸಾಮಾನು ಒಂದು ಗಂಟೆ ಓಡಿದಷ್ಟು. 2,000 ವ್ಯಾಟ್‌ನ ಗೀಸರ್ ಹಾಕಿದರೆ ದೀಪ ನಿಮಿಷಕ್ಕೆ ನೂರಾ ಏಳು ಸಲ ಮಿಣುಕುತ್ತದೆ, ಎಣಿಸಲಿಕ್ಕೇ ಆಗುವುದಿಲ್ಲ. ಫ್ರಿಜ್ ಓಡುತ್ತಿದ್ದರೆ ನಿಮಿಷಕ್ಕೆ ಐದಾರು ಸಲ.

ಅಳಿಯಂದಿರು ಒಳಗೆ ಎಲ್ಲ ಸ್ವಿಚ್ ಆಫ್ ಮಾಡಿ ಬಂದರು. ಫ್ರಿಜ್‌ನ ಪ್ಲಗ್ ಕೂಡ ಕಿತ್ತರು. ಮೇನ್ ಸ್ವಿಚ್ ಮಾತ್ರ ಆನ್. ದೀಪ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ನಿಮಿಷಕ್ಕೆ ಒಂದು ಸಲ ಮಿಣುಕುತ್ತಿತ್ತು. ಟಿ.ವಿ. ಹಿಂದೆ ಸೆಟ್‌ಟಾಪ್ ಬಾಕ್ಸ್, ವೈಫೈ ಡಬ್ಬಿ ಇನ್ನೂ ಓಡುತ್ತಿದ್ದವು. ಅದನ್ನೂ ತೆಗೆದರೆ ದೀಪ ಪೂರ್ತಿ ನಿಂತಿತು. ಅಂದರೆ ಮೀಟರ್ ತಾನಾಗಿ ಓಡುತ್ತಿಲ್ಲ, ವೈರಿಂಗ್‌ನಲ್ಲೂ ಕರೆಂಟ್ ಸೋರುತ್ತಿಲ್ಲ. ಅಜ್ಜಿಗೆ ಸ್ವಲ್ಪ ನಿರಾಸೆಯಾಯಿತು, ಮೀಟರ್ ಮೇಲೆ ಅವರಿಗೆ ಅಷ್ಟು ಅನುಮಾನ ಇತ್ತು.

ಎಲ್ಲ ಮತ್ತೆ ಹಾಕಿ, ಕಾಫಿ ಕುಡಿಯುತ್ತಾ ನಿಂತಿದ್ದೆವು. ದೀಪ ಇದ್ದಕ್ಕಿದ್ದಂತೆ ಜೋರಾಗಿ ಮಿಣುಕತೊಡಗಿತು. ಕೈಗಡಿಯಾರ ಹಿಡಿದು ಎಣಿಸಿದೆ. ನಿಮಿಷಕ್ಕೆ 48. ಸುಮಾರು 900 ವ್ಯಾಟ್. ಸಂಪಿನ ಮೋಟರ್! ನೀರಿನ ಮಟ್ಟ ನೋಡಿ ತಾನೇ ಆನ್ ಆಗುವ ಡಬ್ಬಿ ಹಾಕಿಸಿದ್ದರು. ಆದರೆ ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ನೀರು ಬಳಸುತ್ತಿರಲಿಲ್ಲ. ಹಾಗಾದರೆ ಮಹಡಿ ಮೇಲಿನ ಟ್ಯಾಂಕ್ ಯಾಕೆ ಖಾಲಿಯಾಗುತ್ತಿದೆ? ಹುಡುಕಿದರೆ ಮೇಲಿನ ಬಚ್ಚಲಿನ ಫ್ಲಷ್ ಟ್ಯಾಂಕ್. ವಾಷರ್ ಸವೆದು ಹಗಲೂ ರಾತ್ರಿ ಸದ್ದಿಲ್ಲದೆ ಸೋರುತ್ತಿತ್ತು. ಮೋಟರ್ ದಿನಕ್ಕೆ ಅರ್ಧ ಗಂಟೆ ಜಾಸ್ತಿ ಓಡಿದರೂ ತಿಂಗಳಿಗೆ ಹದಿಮೂರು ಹದಿನಾಲ್ಕು ಯೂನಿಟ್. ಸರಿಯಾಗಿ ಅಷ್ಟೇ ಯೂನಿಟ್ 200 ದಾಟಿಸಿದ್ದವು. ನಮ್ಮ ಕಡೆ ನೀರಿಗೇ ಇಷ್ಟು ಪಾಡು ಪಡುವಾಗ, ನೀರು ಹೋದದ್ದು ನೋಡಿ ಅಜ್ಜಿಗೆ ದುಡ್ಡಿಗಿಂತ ಹೆಚ್ಚು ಸಂಕಟವಾಯಿತು.

ನಿಮ್ಮ ಮನೆಯಲ್ಲೂ ಈ ದೀಪದ ಪರೀಕ್ಷೆ ಮಾಡಿ. ಹತ್ತು ನಿಮಿಷ ಸಾಕು. ಎಲ್ಲ ಪ್ಲಗ್ ಕಿತ್ತ ಮೇಲೂ ದೀಪ ಮಿಣುಕುತ್ತಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ. ಒಂದೊಂದೇ ಸಾಮಾನು ಹಾಕಿ ಎಣಿಸಿದರೆ ಯಾವುದು ಎಷ್ಟು ತಿನ್ನುತ್ತದೆ ಎಂದು ಕಣ್ಣಿಗೇ ಕಾಣುತ್ತದೆ. ಹಳೆಯ ಫ್ಯಾನ್ 75 ವ್ಯಾಟ್ ತಿಂದರೆ ಹೊಸ ಬಿ.ಎಲ್.ಡಿ.ಸಿ. ಫ್ಯಾನ್ 30ರ ಹತ್ತಿರ. ಗ್ರೈಂಡರ್, ಮಿಕ್ಸಿ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಇಡ್ಲಿ ಹಿಟ್ಟು ರುಬ್ಬಿದ್ದಕ್ಕೆ ಯಾರ ಬಿಲ್ಲೂ ಏರುವುದಿಲ್ಲ. ನೀರು ಕಾಯಿಸುವುದು ಮತ್ತು ನೀರು ಎತ್ತುವುದು, ನಮ್ಮ ಕಡೆ ಮನೆಗಳಲ್ಲಿ ಮೊದಲು ನೋಡಬೇಕಾದವು ಇವೆರಡು.

ಬಿಲ್ಲಿನಲ್ಲಿ ಇನ್ನೂ ಒಂದೆರಡು ವಿಷಯ ಇವೆ. ದಿನಾಂಕ ನೋಡಿ. ರೀಡರ್ ಒಂದು ತಿಂಗಳು 27ನೇ ದಿನಕ್ಕೆ, ಇನ್ನೊಂದು ತಿಂಗಳು 33ನೇ ದಿನಕ್ಕೆ ಬಂದಿದ್ದರೆ ಎರಡು ಬಿಲ್ ಹೋಲಿಸಿ ಪ್ರಯೋಜನವಿಲ್ಲ. ಯೂನಿಟ್‌ಗಳನ್ನು ದಿನಗಳಿಂದ ಭಾಗಿಸಿ, ದಿನಕ್ಕೆ ಎಷ್ಟಾಯಿತು ಎಂದು ನೋಡಿ. ಮನೆಗೆ ಬೀಗ ಇದ್ದು ರೀಡಿಂಗ್ ಸಿಗದಿದ್ದರೆ ಸರಾಸರಿ ಮೇಲೆ ಬಿಲ್ ಕೊಡುತ್ತಾರೆ. ಮುಂದಿನ ರೀಡಿಂಗ್ ಆದ ಮೇಲೆ ಅದು ಸರಿಹೋಗಬೇಕು. ಸರಿಹೋಗಿದೆಯಾ ಎಂದು ನೀವೇ ನೋಡಿಕೊಳ್ಳಬೇಕು.

ವರ್ಷಕ್ಕೊಮ್ಮೆ ಹೆಚ್ಚುವರಿ ಠೇವಣಿ ಕೇಳಿ ನೋಟಿಸ್ ಬರಬಹುದು. ಇದು ದಂಡ ಅಲ್ಲ. ಎರಡು ತಿಂಗಳ ಬಿಲ್‌ನಷ್ಟು ಹಣ ಅವರ ಹತ್ತಿರ ಠೇವಣಿ ಇರಬೇಕು ಎಂಬ ನಿಯಮ. ನಿಮ್ಮ ಬಳಕೆ ಏರಿದ್ದರೆ ವ್ಯತ್ಯಾಸ ಕೇಳುತ್ತಾರೆ. ಅದು ನಿಮ್ಮದೇ ದುಡ್ಡು, ಅದಕ್ಕೆ ಬಡ್ಡಿಯೂ ಬರುತ್ತದೆ.

ಬಾಡಿಗೆ ಮನೆಯವರಿಗೆ ಒಂದು ಮಾತು. ಮನೆ ಬದಲಿಸಿದಾಗ ಗೃಹಜ್ಯೋತಿಯ ಜೋಡಣೆಯನ್ನು ಹಳೆಯ ಮೀಟರ್‌ನಿಂದ ಬಿಡಿಸಿ, ಹೊಸ ಮನೆಯ ಮೀಟರ್‌ಗೆ ಮಾಡಿಸಿಕೊಳ್ಳಬೇಕು. ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅದಕ್ಕೆ ಅವಕಾಶ ಇದೆ. ಬಿಡಿಸದೆ ಹೋದರೆ ನಿಮಗೂ ಸಿಗುವುದಿಲ್ಲ, ಆ ಮನೆಗೆ ಬಂದವರಿಗೂ ತೊಂದರೆ.

ಲೆಕ್ಕ ಹಾಕಿ ನೋಡಿದ ಮೇಲೂ ಬಿಲ್ ತಪ್ಪು ಅನಿಸಿದರೆ 1912ಕ್ಕೆ ಫೋನ್ ಮಾಡಿ ದೂರು ಕೊಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಮೀಟರ್ ಮೇಲೆ ಅನುಮಾನ ಇದ್ದರೆ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು. ಅಲ್ಲೂ ಬಗೆಹರಿಯದಿದ್ದರೆ ಗ್ರಾಹಕರ ಕುಂದುಕೊರತೆ ವೇದಿಕೆ, ಅದರ ಮೇಲೆ ವಿದ್ಯುತ್ ಒಂಬುಡ್ಸ್‌ಮನ್ ಇದ್ದಾರೆ. ಹಳೆಯ ಬಿಲ್‌ಗಳ ಫೋಟೋ ತೆಗೆದಿಟ್ಟುಕೊಳ್ಳಿ. ಆ ತೆಳು ಕಾಗದದ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ದೂರು ಕೊಡುವ ದಿನ ಕೈಯಲ್ಲಿ ಬಿಳಿ ಚೀಟಿ ಮಾತ್ರ ಇರುತ್ತದೆ.

1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಹೊರಟಾಗ ಅದು ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿ ದೀಪ ಹತ್ತಿದ್ದು ಮೂರು ವರ್ಷ ಆದಮೇಲೆ, 1905ರಲ್ಲಿ. ಇಷ್ಟು ಹಳೆಯ ನಂಟು ಇರುವ ನಮ್ಮ ಕಡೆಯ ಮನೆಗಳಲ್ಲಿ ಬಿಲ್ ಇನ್ನೂ ಒಗಟಾಗಿ ಉಳಿಯಬಾರದು ಎಂದು ನನಗೆ ತುಂಬಾ ಅನಿಸುತ್ತದೆ.

ಅಜ್ಜಿ ವಾಷರ್ ಹಾಕಿಸಿದರು. ಈಗ ಅವರ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಏಕಾದಶಿ, ಹಾಲಿನ ಲೆಕ್ಕದ ಪಕ್ಕದಲ್ಲಿ ಮೀಟರ್ ಸಂಖ್ಯೆಯೂ ಇದೆ. ಬಿಲ್ ಬಂದ ದಿನದ ರೀಡಿಂಗ್, ಹತ್ತನೇ ದಿನದ್ದು, ಇಪ್ಪತ್ತನೇ ದಿನದ್ದು. ಇಪ್ಪತ್ತನೇ ದಿನಕ್ಕೆ 130 ದಾಟಿದ್ದರೆ ಆ ತಿಂಗಳು ಹುಷಾರಾಗಿರಬೇಕು ಎಂದು ಅವರೇ ಲೆಕ್ಕ ಹಾಕಿದ್ದಾರೆ. ಮೊನ್ನೆ ಕಾಂಪೌಂಡ್ ಆಚೆಯಿಂದ ಕೂಗಿ ಹೇಳಿದರು: "ಹತ್ತನೇ ದಿನಕ್ಕೆ ಐವತ್ತೆರಡು!"